ಹಿರಿಯರ ಕೈಯ ಸೌಟು

ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಬಾಯಿಪಾಠವಾಗಿರುವ ಆಜ್ಞೆ. ಆದರೆ ಆಜ್ಞೆಯನ್ನು ಬಾಯಿಪಾಠ ಮಾಡುವದು ಬೇರೆ. ಅದು ಒಂದು ದಿನ ನಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತುಕೊಂಡು, ಈಗ ಏನು ಮಾಡುತ್ತೀ ಎಂದು ಕೇಳುವದು ಬೇರೆ. ವರುಷ ವರುಷವೂ ಹಬ್ಬದ ದಿನ ನಾಲ್ವತ್ತು ಐವತ್ತು ಮಂದಿಗೆ ಅಟ್ಟು ಬಡಿಸಿದ ತಾಯಿಗೆ ಮೊಣಕಾಲು ಸೋತುಹೋದಾಗ, ಆ ಕೆಲಸವನ್ನು ಆಕೆಯ ಕೈಯಿಂದ ತೆಗೆದುಕೊಳ್ಳುವದು ಸನ್ಮಾನವೋ, ಇಲ್ಲವೆ ಆಕೆಯನ್ನು ಸ್ವಂತ ಮನೆಯಲ್ಲಿಯೇ ಪದವಿಯಿಂದ ಇಳಿಸುವದೋ? ತೆಗೆದುಕೊಳ್ಳದೆ ಬಿಡುವದು ಗೌರವವೋ, ಇಲ್ಲವೆ ನಮ್ಮ ಸೋಮಾರಿತನದ ಮೇಲೆ ಹೊದಿಸಿದ ಗೌರವದ ಶಾಲೋ? ಇದೇನು ದೊಡ್ಡ ಪ್ರಶ್ನೆ ಎಂದು ಕೆಲವರಿಗೆ ತೋರಬಹುದು. ನಾವೂ ಹಾಗೆಯೇ ತಿಳಿದಿದ್ದೆವು.

ನಮ್ಮ ತಂದೆತಾಯಿಗಳ ಮನೆಯು ಯಲಹಂಕದಾಚೆ, ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿರುವ ಹಳ್ಳಿಯಲ್ಲಿದೆ. ಅಲ್ಲಿ ಕ್ರಿಸ್ತಜಯಂತಿಯ ದಿನ ನಡೆಯುವ ಊಟದ ಮೂಲವನ್ನು ಮೊದಲು ಹೇಳಬೇಕು. ಲಂಡನ್ ಮಿಷನ್ನಿನವರು ಬೆಂಗಳೂರಿಗೆ ಬಂದದ್ದು 1820ರಲ್ಲಿ. ಅವರ ಉಪದೇಶವು ನಮ್ಮ ಮುತ್ತಜ್ಜನ ಕಿವಿಗೆ ಬಿದ್ದದ್ದು ಬಹುಕಾಲದ ಮೇಲೆ. ಅವರು ದೀಕ್ಷಾಸ್ನಾನ ಹೊಂದಿದಾಗ ಹೊಲವನ್ನು ಯಾರೂ ಕಸಿದುಕೊಳ್ಳಲಿಲ್ಲ, ಮನೆಯಿಂದ ಯಾರೂ ಹೊರಕ್ಕೆ ದೂಡಲಿಲ್ಲ. ಹೋದದ್ದು ಪಂಕ್ತಿ ಮಾತ್ರ. ನಮ್ಮ ಸೀಮೆಯಲ್ಲಿ ಯುಗಾದಿಯ ದಿನ ಒಬ್ಬಟ್ಟು, ಮರುದಿನ ಹೊಸತೊಡಕು. ಕುರಿ ಕೊಯ್ದು ಗುಡ್ಡೆ ಹಾಕಿ ಹಂಚಿಕೊಂಡು, ಅಣ್ಣತಮ್ಮಂದಿರೆಲ್ಲರೂ ಹಿರಿಯನ ಮನೆಯಲ್ಲಿ ಒಂದೇ ಸಾಲಿನಲ್ಲಿ ಉಣ್ಣುವ ದಿನವದು. ಆ ಸಾಲಿನಲ್ಲಿ ಅವರಿಗೆ ಎಲೆ ಹಾಕುವವರು ಇಲ್ಲದೆ ಹೋದರು. ಆಗ ಅವರು ಡಿಸೆಂಬರ್ 25ರಂದು ತಮ್ಮ ಜಗುಲಿಯ ಮೇಲೆ ತಾವೇ ಒಂದು ಸಾಲು ಹಾಕಿ, ಬರುವವರು ಬರಲಿ ಎಂದು ಎಲ್ಲರನ್ನೂ ಕರೆದರಂತೆ. ಮೊದಲನೆಯ ವರುಷ ಅವರ ಹೆಂಡತಿ ಮಕ್ಕಳನ್ನು ಬಿಟ್ಟರೆ ಬಂದವರು ಯಾರೂ ಇಲ್ಲ. ಎಷ್ಟೋ ವರುಷಗಳಾದ ಮೇಲೆ ಒಬ್ಬ ತಮ್ಮನು ಬಂದನು. ಈಗ ನಮ್ಮ ಸಾಲಿನಲ್ಲಿ ಅರ್ಧದಷ್ಟು ಜನ ಸಭೆಗೆ ಸೇರದ ಬಂಧುಗಳೇ. ಅಡಿಗೆಯೂ ಹೊಸತೊಡಕಿನದೇ, ಬಾಡಿನ ಸಾರು ಮತ್ತು ರಾಗಿಮುದ್ದೆ. ಹೀಗಿರುವದರಿಂದ ಆ ಊಟವು ನಮಗೆ ಬರಿಯ ಊಟವಾಗಿರಲಿಲ್ಲ. ನಿಂತುಹೋಗಿದ್ದ ಮಾತು ಅಲ್ಲಿ ಮತ್ತೆ ಆರಂಭವಾಗಿತ್ತು.

ಕಾಲವು ಬದಲಾಯಿತು. 2007ರಲ್ಲಿ ಯಲಹಂಕವು ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ತೆರೆಯಿತು. ರಾಗಿ ಬೆಳೆಯುತ್ತಿದ್ದ, ದ್ರಾಕ್ಷಿಯ ಚಪ್ಪರವಿದ್ದ ಹೊಲಗಳಲ್ಲಿ ನಿವೇಶನದ ಕಲ್ಲುಗಳು ನಿಂತವು. ನಮ್ಮ ಒಡಹುಟ್ಟಿದವರಲ್ಲಿ ಒಬ್ಬರು ಹೆಬ್ಬಾಳದಲ್ಲಿ, ಒಬ್ಬರು ಯಶವಂತಪುರದಲ್ಲಿ, ತಂಗಿಯು ಆರ್.ಟಿ. ನಗರದಲ್ಲಿ, ಎಲ್ಲರೂ ಬಾಡಿಗೆಯ ಎರಡು ಕೋಣೆಗಳಲ್ಲಿ. ಐವತ್ತು ಎಲೆಗಳನ್ನು ಹಾಕುವದಕ್ಕೆ ಸ್ಥಳವಿದ್ದದ್ದು ಹಳ್ಳಿಯ ಮನೆಯಲ್ಲಿ ಮಾತ್ರವೇ. ಆದದರಿಂದ ಊಟವೂ ಅಲ್ಲಿಯೇ ಉಳಿಯಿತು, ಭಾರವೂ ತಾಯಿಯ ಮೇಲೆಯೇ ಉಳಿಯಿತು.

ಮೊದಲ ಗುರುತು ಉಪ್ಪಿನಲ್ಲಿ ಕಾಣಿಸಿತು. 2018ರ ಸುಮಾರಿಗೆ ಸಾರಿನಲ್ಲಿ ಉಪ್ಪು ಒಂದು ಚಿಟಿಕೆ ಮುಂದಾಯಿತು; ಮರುವರುಷ ಎರಡು ಚಿಟಿಕೆ. ವಯಸ್ಸು ಏರಿದ ಹಾಗೆ ಮೂಗು ನಾಲಿಗೆಗಳ ಚುರುಕು ಇಳಿಯುವದೆಂದು ವೈದ್ಯರು ಹೇಳುತ್ತಾರೆ. ಉಣ್ಣುವವನಿಗೆ ತಿಳಿಯುವದು ಅಟ್ಟವಳಿಗೆ ತಿಳಿಯದೆ ಹೋಗುತ್ತದೆ. ಯಾರೂ ಬಾಯಿಬಿಡಲಿಲ್ಲ. ಎಲ್ಲರೂ ಮುದ್ದೆಯನ್ನು ದೊಡ್ಡದಾಗಿ ಮುರಿದು ಸಾರಿನಲ್ಲಿ ಕಿರಿದಾಗಿ ಅದ್ದಿಕೊಂಡು ಉಂಡರು. ತಂದೆಯವರು ಮಾತ್ರ ಈ ವರುಷ ಹದ ಸರಿಯಾಗಿ ಬಿದ್ದಿದೆ ಎಂದು ಎರಡು ಸಾರಿ ಹಾಕಿಸಿಕೊಂಡರು. ಅವರ ನಾಲಿಗೆಯೂ ತಾಯಿಯ ನಾಲಿಗೆಯ ಸಂಗಡವೇ ಮುದಿಯಾಗಿತ್ತು.

ಇಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಅಮ್ಮನ ಕೈರುಚಿ ಯಾರಿಗೂ ಬಾರದು ಎಂದು ಊಟವಾದ ಮೇಲೆ ಕೈ ತೊಳೆಯುತ್ತಾ ನಾವು ಹೇಳುತ್ತಿದ್ದೆವು. ಪ್ರತಿ ವರುಷವೂ ಹೇಳಿದೆವು. ಅದು ಸುಳ್ಳಲ್ಲ, ಆದರೆ ಆ ಮಾತು ಆಕೆಯ ಹೆಗಲಿಗೆ ನೊಗವಾಯಿತೆಂಬದನ್ನು ನಾವು ಕಾಣಲಿಲ್ಲ. ಹೊಗಳಿಸಿಕೊಂಡವಳು, ನನ್ನಿಂದ ಆಗುವದಿಲ್ಲ ಎಂದು ಹೇಗೆ ಹೇಳಿಯಾಳು? ಹೊಲದಲ್ಲಿ ಎತ್ತನ್ನು ತಟ್ಟಿ ಶಭಾಸ್ ಎನ್ನುವದು ಇನ್ನೊಂದು ಸಾಲು ಉಳಲಿ ಎಂದೇ ಅಲ್ಲವೇ. ನಮ್ಮ ಹೊಗಳಿಕೆಯಲ್ಲಿ ಪ್ರೀತಿ ಎಷ್ಟು, ಮುಂದಿನ ವರುಷದ ಊಟದ ಮೇಲಣ ಆಸೆ ಎಷ್ಟು ಎಂದು ಈಗ ತೂಗಿ ನೋಡಿದರೆ ನಾಚಿಕೆಯಾಗುತ್ತದೆ.

2020ರಲ್ಲಿ ಕೊರೋನ ವ್ಯಾಧಿಯ ನಿಮಿತ್ತ ಪಂಕ್ತಿಯೇ ಇಲ್ಲವಾಯಿತು. ಒಂದೊಂದು ಮನೆಯವರೂ ತಮ್ಮ ತಮ್ಮಲ್ಲಿಯೇ ಉಂಡರು. ಆ ವರುಷ ನಮ್ಮಲ್ಲಿ ಕೆಲವರು ಒಳಗೊಳಗೆ ಹಾಯಾಗಿದ್ದೆವೆಂಬದನ್ನು ಮುಚ್ಚಿಡುವದಿಲ್ಲ. ಹೆಬ್ಬಾಳದ ಸೇತುವೆಯ ಹತ್ತಿರ ಮಕ್ಕಳನ್ನು ಕಟ್ಟಿಕೊಂಡು ಒಂದು ತಾಸು ನಿಲ್ಲುವ ಕೆಲಸ ತಪ್ಪಿತ್ತು. ಮರುವರುಷ ಮತ್ತೆ ಸೇರಿದೆವು. 2022ರ ನವೆಂಬರಿನಲ್ಲಿ ತಾಯಿಯವರು, ಆಗ ಅವರಿಗೆ 74 ವಯಸ್ಸು, ಕುದಿಯುವ ನೀರಿನ ಪಾತ್ರೆಯನ್ನು ಇಳಿಸುವಾಗ ಮೊಣಕಾಲು ಮಡಿಸಿ ಬಿದ್ದರು. ನೀರು ಆಚೆಗೆ ಚೆಲ್ಲಿತು, ಮೈಮೇಲೆ ಬೀಳಲಿಲ್ಲ. ಆ ರಾತ್ರಿ ನಾವು ಒಡಹುಟ್ಟಿದವರು ದೂರವಾಣಿಯಲ್ಲಿ ಮಾತಾಡಿ, ಇನ್ನು ಮೇಲೆ ಹಬ್ಬದ ಊಟವನ್ನು ನಾವು ವಹಿಸಿಕೊಳ್ಳುತ್ತೇವೆ ಎಂದು ತೀರ್ಮಾನ ಮಾಡಿದೆವು. ತೀರ್ಮಾನವಾದ ಮೇಲೆ ತಂದೆತಾಯಿಗಳಿಗೆ ತಿಳಿಸಿದೆವು. ಅವರು, ಹಾಗೇ ಆಗಲಿ, ಎಂದರು. ಅಷ್ಟು ಸುಲಭವಾಗಿ ಒಪ್ಪಿದ್ದರಿಂದಲೇ ನಮಗೆ ಸಂದೇಹ ಬರಬೇಕಾಗಿತ್ತು.

ಆ ವರುಷ ಅಡಿಗೆಯ ಗುತ್ತಿಗೆದಾರನೊಬ್ಬನಿಗೆ ಹೇಳಿ, ಶಾಮಿಯಾನ ಹಾಕಿಸಿ, ಬಾಡಿಗೆಯ ತಟ್ಟೆಗಳನ್ನು ತರಿಸಿದೆವು. ಅಡಿಗೆಯಲ್ಲಿ ಕುಂದು ಇರಲಿಲ್ಲ, ಉಪ್ಪೂ ಹದವಾಗಿತ್ತು. ಬಂದವರು ಬಂದ ಹಾಗೆ ತಟ್ಟೆ ಹಿಡಿದು, ಹಾಕಿಸಿಕೊಂಡು, ನಿಂತು ಕೂತು ಉಣ್ಣುತ್ತಿದ್ದರು. ತಂದೆಯವರಿಗೆ 80 ವಯಸ್ಸು. ಅವರ ಕೆಲಸವೇನಂದರೆ ಬಾಗಿಲಲ್ಲಿ ನಿಂತು ಬಂದವರ ಕೈಗೆ ಚೊಂಬಿನಿಂದ ನೀರು ಕೊಡುವದು, ಎಲೆಗಳನ್ನು ಎಣಿಸುವದು, ಎಲ್ಲರೂ ಕೂತ ಮೇಲೆ ನಿಂತು ಪ್ರಾರ್ಥನೆ ಮಾಡುವದು. ಆ ದಿನ ಎಲ್ಲರೂ ಒಟ್ಟಿಗೆ ಕೂತ ಗಳಿಗೆಯೇ ಬರಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಸತ್ಯವೇದವನ್ನು ಕೈಯಲ್ಲಿ ಹಿಡಿದು ಶಾಮಿಯಾನದ ಕಂಬದ ಹತ್ತಿರ ಬಹಳ ಹೊತ್ತು ನಿಂತಿದ್ದರು; ಆ ಮೇಲೆ ಒಳಕ್ಕೆ ಹೋದರು. ನಾವು ಅದನ್ನು ನೋಡಿದೆವು. ನೋಡಿಯೂ ಏನು ಮಾಡಬೇಕೆಂದು ತೋಚಲಿಲ್ಲ, ಕೈಯಲ್ಲಿ ತಟ್ಟೆ ಇತ್ತು. ತಾಯಿಯವರನ್ನು ಹುಡುಕಿದರೆ ಹಿತ್ತಲಿನಲ್ಲಿ ಕೂತು ಬಾಡಿಗೆಯ ತಟ್ಟೆಗಳನ್ನು ತೊಳೆಯುತ್ತಿದ್ದರು. ತೊಳೆಯುವದಕ್ಕೂ ಆಳುಗಳಿದ್ದಾರಮ್ಮಾ, ಅಂದೆವು. ಗೊತ್ತು, ಅಂದರು, ಕೈ ನಿಲ್ಲಿಸಲಿಲ್ಲ.

ಸಾಯಂಕಾಲ ಇನ್ನೊಂದು ವಿಷಯ ತಿಳಿದುಬಂತು. ಪ್ರತಿ ವರುಷ ಯಾರೂ ಊಟಕ್ಕೆ ಕೂರುವದಕ್ಕೆ ಮುಂಚೆ ತಾಯಿಯವರು ಮೂರು ಡಬ್ಬಿಗಳನ್ನು ಕಟ್ಟಿ ಹಿತ್ತಲ ಬಾಗಿಲಿನಿಂದ ಕಳುಹಿಸುತ್ತಿದ್ದರು. ಒಂದು ಕೆಳಗಿನ ಬೀದಿಯ ವಿಧವೆಗೆ. ಒಂದು ಹಾಸಿಗೆ ಹಿಡಿದಿರುವ ಮುದುಕನಿಗೆ. ಇನ್ನೊಂದರಲ್ಲಿ ಮಾಂಸ ಮುಟ್ಟದ ನೆರೆಮನೆಯವರಿಗೆ ಬೇರೆ ಒಲೆಯಲ್ಲಿ ಮಾಡಿದ ಕಜ್ಜಾಯ. ನಾವು ಆ ಮನೆಯಲ್ಲಿಯೇ ಹುಟ್ಟಿ ಬೆಳೆದವರು, ಉಪದೇಶಕರೆಂದು ಸಂಬಳ ತೆಗೆದುಕೊಳ್ಳುವವರು, ಸೆಮಿನರಿಯಲ್ಲಿ ವ್ಯಾಖ್ಯಾನಗಳನ್ನು ಓದಿದವರು. ಈ ಡಬ್ಬಿಗಳ ಸಂಗತಿ ನಮಗೆ ಸರಿಯಾಗಿ ತಿಳಿದೇ ಇರಲಿಲ್ಲ. ಮುಯ್ಯಿ ತೀರಿಸಬಲ್ಲ ಬಂಧುಗಳನ್ನೇ ಕರೆಯಬೇಡ, ತೀರಿಸಲಾರದವರನ್ನು ಕರೆ ಎಂದು ಕರ್ತನು ಔತಣಗಾರನಿಗೆ ಹೇಳಿದ್ದನ್ನು ಎಷ್ಟು ಸಾರಿ ಪ್ರಸಂಗ ಮಾಡಿದ್ದೇವೋ ಲೆಕ್ಕವಿಲ್ಲ. ಆ ವರುಷ ಮೂರು ಮನೆಗಳಲ್ಲಿ ಮಧ್ಯಾಹ್ನದ ವರೆಗೂ ಕಾದಿದ್ದರು. ಊಟವನ್ನು ವಹಿಸಿಕೊಂಡೆವು ಎಂದುಕೊಂಡಿದ್ದೆವು. ವಹಿಸಿಕೊಂಡದ್ದು ಊಟದಲ್ಲಿ ಕಣ್ಣಿಗೆ ಕಾಣುವ ಭಾಗವನ್ನು.

ನಮಗೆ ಇಸಾಕನ ಮನೆಯ ಕಥೆಯು ನೆನಪಿಗೆ ಬಂತು. ಕಣ್ಣು ಮೊಬ್ಬಾದ ಆ ಮುದುಕನು ಹಿರಿಯ ಮಗನನ್ನು ಕರೆದು, ಬೇಟೆಯಾಡಿ ತಂದು ತನಗಿಷ್ಟವಾದ ಅಡಿಗೆಯನ್ನು ಮಾಡಿ ಬಡಿಸು, ಉಂಡು ಆಶೀರ್ವದಿಸುತ್ತೇನೆ ಎಂದನು. ಅವನು ಹೇಗೂ ಕೊಡುವದಕ್ಕೆ ಕೂತಿದ್ದನು. ಆದರೆ ಒಳಗಿನವರು ಮೇಕೆಮರಿಗಳ ಅಡಿಗೆಯನ್ನು ಅವಸರದಿಂದ ಮಾಡಿ, ಬೆನ್ನ ಹಿಂದೆ ತೀರ್ಮಾನಿಸಿ, ಕಾಣದವನ ಕೈಯಿಂದ ಪಡೆದುಕೊಂಡರು. ರೆಬೆಕ್ಕಳಿಗೆ ಪ್ರೀತಿ ಇರಲಿಲ್ಲವೆಂದು ಹೇಳಲಾಗದು. ಮುಂದೆ ಆಗಬೇಕಾದದ್ದು ಅವಳಿಗೆ ತಿಳಿದೂ ಇತ್ತು. ಆದರೂ ಮಗನು ಇಪ್ಪತ್ತು ವರುಷ ಪರದೇಶದಲ್ಲಿ ಕಳೆಯಬೇಕಾಯಿತು. ಉದ್ದೇಶವು ಸರಿಯಾಗಿದ್ದ ಮಾತ್ರಕ್ಕೆ ದಾರಿಯು ಸರಿಯಾಗುವದಿಲ್ಲ. ನಮ್ಮದು ವಂಚನೆಯಲ್ಲ, ದೂರವಾಣಿಯ ಸಮಾಲೋಚನೆ. ಆದರೆ ಅದೂ ಹಿರಿಯರ ಬೆನ್ನ ಹಿಂದೆಯೇ ನಡೆದಿತ್ತು.

ಹಿಂದಿರುಗುವ ದಾರಿಯಲ್ಲಿ ನಮ್ಮ ಹೆಂಡತಿಯು ಒಂದು ಮಾತು ಕೇಳಿದಳು. ನಾವು ವಹಿಸಿಕೊಳ್ಳುತ್ತೇವೆ ಎಂದು ಅಣ್ಣತಮ್ಮಂದಿರು ಹೇಳಿದಿರಲ್ಲಾ, ಈ ನಾವು ಯಾರು? ಗುತ್ತಿಗೆದಾರನಿಗೆ ಕೊಡಲು ಮುಂದಿನ ವರುಷ ಹಣ ಸಾಲದಿದ್ದರೆ ಆ ಸೌಟು ಯಾರ ಕೈಗೆ ಬರುತ್ತದೆ? ನಾವು ಉತ್ತರ ಕೊಡಲಿಲ್ಲ. ವಾಚಕರಲ್ಲಿ ಗಂಡಸರಾದವರು ಇದನ್ನು ಸ್ವಲ್ಪ ನಿಂತು ಯೋಚಿಸಬೇಕೆಂದು ಬೇಡುತ್ತೇವೆ. ತಾಯಿಯ ಭಾರವನ್ನು ಇಳಿಸುತ್ತೇವೆಂದು ದೊಡ್ಡ ದನಿಯಲ್ಲಿ ಹೇಳಿ, ಅದನ್ನು ಹೆಂಡತಿಯ ಮತ್ತು ತಂಗಿಯ ತಲೆಯ ಮೇಲೆ ಇಡುವವನು ಭಾರವನ್ನು ಹೊತ್ತವನಲ್ಲ, ಭಾರವನ್ನು ದಾಟಿಸಿದವನು. ಸನ್ಮಾನದ ಖರ್ಚನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಯುವದು ನಮ್ಮ ಮನೆಗಳಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಅದು ತಪ್ಪೆಂದು ಹೇಳಿದರೂ ಗಂಡಸರಿಗೆ ಆಶ್ಚರ್ಯವಾಗುತ್ತದೆ. ಈ ವಿಷಯದಲ್ಲಿ ನಮ್ಮಷ್ಟು ಓದಿಲ್ಲದ ನಮ್ಮ ಹೆಂಡತಿಯೇ ನಮಗೆ ಬೋಧಕಳಾದಳು.

ಕಾನೂನು ಇಲ್ಲಿ ಸಹಾಯಕ್ಕೆ ಬಾರದು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಕ್ರೈಸ್ತರ ಆಸ್ತಿಯನ್ನು ಗಂಡುಮಕ್ಕಳು ಹೆಣ್ಣುಮಕ್ಕಳೆನ್ನದೆ ಸಮಪಾಲಾಗಿ ಹಂಚಬಲ್ಲದು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಕೈಬಿಟ್ಟ ಮಕ್ಕಳಿಂದ ಜೀವನಾಂಶವನ್ನು ಕೊಡಿಸಬಲ್ಲದು. ಆದರೆ ಬಾಗಿಲಲ್ಲಿ ಚೊಂಬು ಹಿಡಿದು ನಿಲ್ಲುವ ಸ್ಥಾನವನ್ನು ಯಾವ ನ್ಯಾಯಾಧೀಶನೂ ಮುದುಕನಿಗೆ ಕೊಡಿಸಲಾರನು. ಅನ್ನವನ್ನು ಕೊಟ್ಟು ಸ್ಥಾನವನ್ನು ತೆಗೆಯುವದು ಅಪರಾಧವಲ್ಲ. ಆದದರಿಂದಲೇ ಅದು ಒಳ್ಳೆಯ ಮನೆಗಳಲ್ಲಿಯೂ ನಡೆಯುತ್ತದೆ.

2023ರಲ್ಲಿ ಬೇರೆ ರೀತಿ ಮಾಡಿದೆವು. ಡಿಸೆಂಬರ್ ಆರಂಭದಲ್ಲಿಯೇ ಹಳ್ಳಿಗೆ ಹೋಗಿ ತಂದೆತಾಯಿಗಳ ಮುಂದೆ ಕೂತು, ನಾವು ತಪ್ಪಿದೆವು, ಹೇಗೆ ಮಾಡಬೇಕು ಹೇಳಿರಿ, ಎಂದೆವು. ತಾಯಿಯವರು ಬಹಳ ಹೊತ್ತು ಸೆರಗಿನ ಅಂಚನ್ನು ನೋಡುತ್ತಾ ಕೂತಿದ್ದರು. ಆ ಮೇಲೆ, ನಾಳೆಯಿಂದ ಅಡಿಗೆಮನೆಗೆ ಬನ್ನಿ, ಗಂಡಸರೂ ಬನ್ನಿ, ಅಂದರು.

ಆಗ ನಮಗೆ ತಿಳಿದದ್ದು, ಕಲಿಯುವದಕ್ಕೆ ಎಷ್ಟಿತ್ತು ಎಂಬದು. ಮೆಟ್ರಿಕ್ ಅಳತೆಯ ಕಾನೂನು 1956ರಲ್ಲಿ ಬಂದರೂ ತಾಯಿಯ ಅಡಿಗೆಮನೆಗೆ ಅದು ಇನ್ನೂ ಕಾಲಿಟ್ಟಿಲ್ಲ. ಅಲ್ಲಿ ಪಾವು, ಸೇರು, ಹಿಡಿ, ಚಿಟಿಕೆ. ದನಿಯ ಎಷ್ಟು ಎಂದರೆ ಐದು ಹಿಡಿ ಅನ್ನುವರು. ಯಾರ ಹಿಡಿ? ತಂಗಿಯು ತಾಯಿಯ ಹಿಡಿಯನ್ನು ತಕ್ಕಡಿಯಲ್ಲಿ ತೂಗಿ ಬರೆದುಕೊಂಡಳು. ನಮ್ಮ ಹಿಡಿ ಅದಕ್ಕಿಂತ ದೊಡ್ಡದು, ಅವಳದು ಚಿಕ್ಕದು. ಗಸಗಸೆಯನ್ನು ಯಾವಾಗ ಹುರಿಯಬೇಕು, ತೆಂಗಿನಕಾಯಿ ರುಬ್ಬಿದ್ದನ್ನು ಮಾಂಸ ಬೆಂದ ಮೇಲೆ ಹಾಕುವದೇಕೆ, ಮೂಳೆಯ ತುಂಡು ಯಾರ ಎಲೆಗೆ ಹೋಗಬೇಕು, ಮೆತ್ತನೆಯ ತುಂಡು ಹಲ್ಲಿಲ್ಲದ ಯಾವ ದೊಡ್ಡಮ್ಮನಿಗೆ ಎಂದು ಎತ್ತಿಡಬೇಕು, ಇವೆಲ್ಲಾ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಮುದ್ದೆಯ ಕೆಲಸವನ್ನು ಅಣ್ಣತಮ್ಮಂದಿರಿಗೆ ಒಪ್ಪಿಸಿದರು. ಐವತ್ತು ಜನರ ಹಿಟ್ಟನ್ನು ಗಂಟಿಲ್ಲದೆ ತಿರುವುವದು ಏನೆಂದು ಬಲ್ಲವರೇ ಬಲ್ಲರು. ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು ಇನ್ನೊಂದು ಕೋಲಿನಿಂದ ತಿರುವುವಾಗ ನಮ್ಮ ತೋಳುಗಳು ನಡುಗಿದವು. ಇದನ್ನು ಆಕೆ ಎಷ್ಟು ವರುಷ ಒಬ್ಬಳೇ ಮಾಡಿದಳು ಎಂದು ಯಶವಂತಪುರದ ತಮ್ಮನು ಕೇಳಿದನು. ಯಾರೂ ಎಣಿಸಿರಲಿಲ್ಲ.

ಉಪ್ಪಿನ ವಿಷಯವನ್ನು ಎತ್ತುವದಕ್ಕೆ ನಮ್ಮಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಸಾರು ಕುದಿಯುತ್ತಿತ್ತು. ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ತಾಯಿಯವರು ಉಪ್ಪಿನ ಮರಿಗೆಯನ್ನು ತಾವೇ ತೆಗೆದು ನಮ್ಮ ಹೆಂಡತಿಯ ಕೈಗೆ ಕೊಟ್ಟರು. ನೀನು ಹಾಕು, ನನ್ನ ನಾಲಿಗೆ ಸತ್ತು ಬಹುಕಾಲವಾಯಿತು, ನೀವು ಯಾರೂ ಹೇಳಲಿಲ್ಲ, ಅಂದರು.

ಅವರಿಗೆ ಗೊತ್ತಿತ್ತು. ಅಷ್ಟು ವರುಷ ನಾವು ಮುಚ್ಚಿಟ್ಟದ್ದನ್ನು ಅವರೂ ನಮ್ಮಿಂದ ಮುಚ್ಚಿಟ್ಟಿದ್ದರು. ಒಬ್ಬರನ್ನೊಬ್ಬರು ನೋಯಿಸಬಾರದೆಂಬ ಈ ಮೌನವನ್ನು ನಾವು ಸದ್ಗುಣವೆಂದು ಎಣಿಸುತ್ತೇವೆ. ಆದರೆ ಅದು ಕುದಿಯುವ ಪಾತ್ರೆಯ ಹತ್ತಿರಕ್ಕೆ ಒಬ್ಬ ಮುದುಕಿಯನ್ನು ಕಳುಹಿಸಿತು.

ಗಿಲ್ಯಾದಿನ ಬರ್ಜಿಲ್ಲೈಯನ್ನು ವಾಚಕರು ಬಲ್ಲರು. ದಾವೀದನು ಮಗನಿಗೆ ಹೆದರಿ ಓಡಿಬಂದಾಗ ಮಹನಯಿಮಿನಲ್ಲಿ ಹಾಸಿಗೆ, ಬಟ್ಟಲು, ಗೋದಿ, ಅವರೆ, ಅಲಸಂದಿ, ಜೇನು, ಕುರಿಗಳನ್ನು ತಂದು ಉಣಿಸಿದವರಲ್ಲಿ ಅವನೊಬ್ಬನು. ಅರಸನು ಹಿಂದಿರುಗುವಾಗ, ನನ್ನ ಸಂಗಡ ಯೆರೂಸಲೇಮಿಗೆ ಬಾ, ನನ್ನ ಮೇಜಿನಲ್ಲಿ ಉಣ್ಣು ಎಂದು ಕರೆದನು. ಎಂಬತ್ತು ವರುಷದ ಅವನು ಒಲ್ಲೆನೆಂದನು. ಉಂಡದ್ದರ ರುಚಿಯೇ ತನಗೆ ತಿಳಿಯದು, ಅರಸನಿಗೆ ತಾನೇಕೆ ಹೊರೆಯಾಗಬೇಕು, ತನ್ನೂರಿನಲ್ಲಿ ತಂದೆತಾಯಿಗಳ ಸಮಾಧಿಯ ಬಳಿಯಲ್ಲಿ ಸಾಯುವೆನು ಎಂದು ಹೇಳಿ, ಕಿಮ್ಹಾಮನನ್ನು ತನಗೆ ಬದಲಾಗಿ ಕಳುಹಿಸಿದನು. ಈ ಕಥೆಯನ್ನು ಓದುವವರು ಅರಸನ ಉಪಕಾರಸ್ಮರಣೆಯನ್ನು ಹೊಗಳುತ್ತಾರೆ. ನಮಗೆ ಈಗ ಬೇರೆ ಎರಡು ಸಂಗತಿಗಳು ಕಾಣುತ್ತವೆ. ನಾಲಿಗೆ ಸತ್ತಿತೆಂಬ ಮಾತನ್ನು ಬರ್ಜಿಲ್ಲೈ ತಾನೇ ಆಡಿದನು, ಇತರರು ಅವನ ವಿಷಯದಲ್ಲಿ ಗುಸುಗುಟ್ಟಲಿಲ್ಲ. ತನ್ನ ಬದಲಿಗೆ ಹೋಗತಕ್ಕವನನ್ನೂ ಅವನೇ ಹೆಸರಿಸಿದನು. ಆದರೆ ಎಲ್ಲಾ ಹಿರಿಯರಿಗೂ ಅವನ ಹಾಗೆ ಕೇಳುವ ಅರಸನು ಸಿಕ್ಕಬೇಕಲ್ಲಾ. ಅರಸನು ಕೇಳಿದ್ದರಿಂದಲೇ ಅವನು ಆ ಮಾತನ್ನು ಆಡಿದನು. ನಮ್ಮ ತಾಯಿಯನ್ನು ನಾವು ಕೇಳಿರಲಿಲ್ಲ, ಹೊಗಳಿದ್ದೆವು.

ಆ ವರುಷ ಮತ್ತೆ ಎಲೆಗಳನ್ನು ಹಾಕಿದೆವು. ಡಬ್ಬಿಗಳು ಮೊದಲು ಹೋದವು. ಈಗ ಮೂರಲ್ಲ, ನಾಲ್ಕು. ತಂದೆಯವರು ಕುರ್ಚಿಯ ಮೇಲೆ ಕೂತು ಚೊಂಬು ಹಿಡಿದರು. ಪ್ರಾರ್ಥನೆ ಸ್ವಲ್ಪ ಉದ್ದವಾಯಿತು, ಮುದ್ದೆ ಆರಿತು. ಯಾರೂ ಗೊಣಗಲಿಲ್ಲ ಎಂದರೆ ಸುಳ್ಳಾಗುವದು, ಮಕ್ಕಳು ಗೊಣಗಿದವು.

ಎಲ್ಲವೂ ಸರಿಯಾಯಿತೆಂದು ವಾಚಕರು ತಿಳಿಯಬಾರದು. ಸೌಟನ್ನು ಕೊಡಬಹುದು, ಅಳತೆಯನ್ನು ಬರೆದಿಡಬಹುದು. ಕರೆಯುವ ಅಧಿಕಾರವು ಹಾಗೆ ಕೈಯಿಂದ ಕೈಗೆ ದಾಟುವದಿಲ್ಲ. ನಮ್ಮ ತಂದೆಯ ತಮ್ಮಂದಿರಿಬ್ಬರು ಜಮೀನಿನ ವ್ಯಾಜ್ಯದಿಂದ ಎಷ್ಟೋ ವರುಷಗಳಿಂದ ಮಾತು ಬಿಟ್ಟವರು. ಆದರೂ ಇಬ್ಬರೂ ಹಬ್ಬದ ದಿನ ಬಂದು ಸಾಲಿನ ಎರಡು ಕೊನೆಗಳಲ್ಲಿ ಕೂತು ಉಂಡು ಹೋಗುತ್ತಿದ್ದರು. ಅತ್ತಿಗೆ ಕರೆದಳು, ಬಂದೆ, ಎಂಬದೇ ಅವರ ಕಾರಣ. 2024ರಲ್ಲಿ ಕರೆಯುವ ಕೆಲಸವನ್ನೂ ತಾಯಿಯವರು ನಮಗೆ ಬಿಟ್ಟರು. ನಾವು ದೂರವಾಣಿಯಲ್ಲಿ ಕರೆದೆವು. ಕಿರಿಯ ಚಿಕ್ಕಪ್ಪನವರು ಬರಲಿಲ್ಲ. ಆಗಲಿ ನೋಡೋಣ ಎಂದಿದ್ದರು, ಅಷ್ಟೇ. ಅವರಿಗೆ ಹಾಕಿದ ಎಲೆಯು ಹಾಗೇ ಉಳಿಯಿತು. ಒಂದು ಕಾಲದಲ್ಲಿ ನಮ್ಮ ಮುತ್ತಜ್ಜನ ಎಲೆಯು ಯಾವ ಸಾಲಿನಲ್ಲಿಯೂ ಇರಲಿಲ್ಲ. ಈಗ ನಮ್ಮ ಸಾಲಿನಲ್ಲಿ ಎಲೆಯುಂಟು, ಉಣ್ಣುವವರಿಲ್ಲ. ಇಂಥ ಕೂಟವನ್ನು ಎಷ್ಟು ಕಾಲ ಎಳೆದುಕೊಂಡು ಹೋಗಬೇಕು, ತಂದೆತಾಯಿಗಳ ತರುವಾಯ ಒಂದೊಂದು ಮನೆಯವರೂ ತಮ್ಮಲ್ಲಿಯೇ ಉಂಡರೆ ತಪ್ಪೇನು ಎಂದು ಹೆಬ್ಬಾಳದ ಅಣ್ಣನವರು ಕೇಳಿದರು. ಅದು ದುರುದ್ದೇಶದ ಪ್ರಶ್ನೆಯಲ್ಲ. ಅವರೇ ಎಲ್ಲರಿಗಿಂತ ಹೆಚ್ಚು ಹಣವನ್ನು ಕೊಡುವವರು. ಕೊಡಲಾರದ ತಮ್ಮನ ಪಾಲನ್ನೂ ಯಾರಿಗೂ ತಿಳಿಯದಂತೆ ಅವರೇ ಹಾಕುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ಜಗುಲಿಯ ಮೇಲೆ ಒಬ್ಬನೇ ಕೂತು ಉಂಡ ಮುತ್ತಜ್ಜನು ಮರುವರುಷವೂ ಸಾಲು ಹಾಕಿದ್ದರಿಂದಲೇ ಒಬ್ಬ ತಮ್ಮನಾದರೂ ಬಂದನು. ಆದರೆ ಸಾಲು ಹಾಕುವದರ ಶ್ರಮವು ಇಂಥಾದ್ದೆಂದು ತಿಳಿದ ಮೇಲೆ, ಅಣ್ಣನ ಪ್ರಶ್ನೆಗೆ ನಾವು ಮೊದಲಿನಷ್ಟು ಬೇಗನೆ ಉತ್ತರ ಕೊಡಲಾರೆವು.

ದೂರವಾಣಿಯಲ್ಲಿ ಕರೆದರೆ ಯಾರು ಬರುತ್ತಾರೆ ಎಂದು ತಾಯಿಯವರು ಅಂದರು. ತಾವು ಪ್ರತಿ ವರುಷ ಡಿಸೆಂಬರ್ ಮೊದಲನೆಯ ವಾರ ನಡೆದುಕೊಂಡು ಹೋಗಿ, ಚಿಕ್ಕಪ್ಪನ ಮನೆಯ ಜಗುಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ಅವರ ಬೈಗಳನ್ನು ಪೂರ್ತಿ ಕೇಳಿ, ಆ ಮೇಲೆ ಕರೆಯುತ್ತಿದ್ದೆವೆಂದು ಆಗ ಹೇಳಿದರು. ಇದೂ ನಮಗೆ ತಿಳಿದಿರಲಿಲ್ಲ. ಈ ವರುಷ ನಾವು ಹೋಗಬೇಕಾಗಿದೆ. ತಾಯಿಯವರು ಆಟೋದಲ್ಲಿ ಸಂಗಡ ಬರಲು ಒಪ್ಪಿದ್ದಾರೆ; ಆದರೆ ಬೀದಿಯ ತಿರುವಿನಲ್ಲಿಯೇ ಕೂತಿರುತ್ತೇನೆ, ಬಾಗಿಲನ್ನು ನೀನೇ ತಟ್ಟಬೇಕು, ಬೈದರೆ ಎದ್ದು ಬರಬೇಡ, ಎಂದು ಹೇಳಿದ್ದಾರೆ.